ಯಾರ ಹೆಸರಲ್ಲಿ ಬರ್ತಾವ?

ಆ ವರ್ಷಗಳಲ್ಲಿ ಹುಬ್ಬಳ್ಳಿಯ ಹೆಂಗಸರು ಮದುವೆ ಮನೆಯಲ್ಲಿ, ಸೀಮಂತದಲ್ಲಿ, ದವಾಖಾನೆಯ ಬೆಂಚಿನ ಮೇಲೆ ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ. “ನಿನ್ನ ಫೋನಿಗೆ ಯಾರ ಹೆಸರಲ್ಲಿ ಬರ್ತಾವ?”

ಬರುವುದೆಂದರೆ ಮಾರಾಟದ ಕರೆಗಳು. ಮೊದಲು ಅವು ದೂರದ ಯಾವುದೋ ನಂಬರಿನಿಂದ ಬರುತ್ತಿದ್ದವು. ಜನ ಎತ್ತುವುದನ್ನು ಬಿಟ್ಟರು. ಆಮೇಲೆ ಊರಿನದೇ ನಂಬರಿನ ವೇಷ ಹಾಕಿಕೊಂಡು ಬಂದವು. ಸ್ವಲ್ಪ ದಿನಕ್ಕೆ ಆ ವೇಷವೂ ಬಯಲಾಯಿತು. ಆಗ ಬಂದದ್ದು ‘ಆಪ್ತ’ ಎಂಬ ಯಂತ್ರವ್ಯವಸ್ಥೆ. ಯಾರ ಕರೆಯನ್ನು ನೀವು ಎಷ್ಟು ಬೇಗ ಎತ್ತುತ್ತೀರಿ, ಯಾರಿಗಾಗಿ ಊಟದ ತಾಟು ಬಿಟ್ಟು ಏಳುತ್ತೀರಿ, ಯಾರ ಹೆಸರು ನೋಡಿ ಫೋನನ್ನು ಮಗುಚಿ ಇಡುತ್ತೀರಿ ಎಂಬುದನ್ನು ಅದು ಗಮನಿಸುತ್ತಿತ್ತು. ಹಾಗೆ ಗಮನಿಸಿ, ನೀವು ಎಂದೂ ಎತ್ತದೆ ಬಿಡದ ಒಬ್ಬರನ್ನು ಗುರುತಿಸಿ, ಆ ಒಬ್ಬರ ಹೆಸರಿನಲ್ಲೇ ನಿಮಗೆ ಕರೆ ಮಾಡುತ್ತಿತ್ತು. ಆಡುವ ಮೊದಲ ಮಾತು ‘ಇದು ಮಾರಾಟದ ಕರೆ’ ಎಂದಿದ್ದರೆ ಸಾಕು ಎಂದಿತು ಕಾನೂನು. ಜನ ಬೈದರು, ಒಗ್ಗಿಕೊಂಡರು, ಆಮೇಲೆ ಅದರಲ್ಲೇ ಒಂದು ಮೋಜು ಕಂಡರು.

ಯಾಕೆಂದರೆ ಯಂತ್ರ ಆರಿಸಿದ ಹೆಸರು ಮನಸ್ಸಿನೊಳಗಿನ ಗುಟ್ಟನ್ನು ಹೊರಗೆ ಹಾಕುತ್ತಿತ್ತು. ಸರ್ವಮಂಗಳಾಳ ಪಕ್ಕದ ಮನೆಯ ಶಂಕ್ರವ್ವನ ಗಂಡನಿಗೆ ಎಲ್ಲ ಕರೆಗಳೂ ಅವನ ಇಸ್ಪೀಟಿನ ಗೆಳೆಯನ ಹೆಸರಿನಲ್ಲಿ ಬರುತ್ತಿದ್ದವು.

“ಇಷ್ಟ್ ವರ್ಷ ಈ ಮನುಷ್ಯಾಗ ಬುತ್ತಿ ಕಟ್ಟಿದಾಕಿ ನಾನು,” ಎಂದು ಶಂಕ್ರವ್ವ ಕಾಂಪೌಂಡಿನ ಮೇಲಿಂದ ಗೋಳಾಡುತ್ತಿದ್ದಳು. “ಫೋನ್ ಎತ್ತೂದು ಆ ಬಸಲಿಂಗಂದು! ನಾಳೆ ಬುತ್ತೀನೂ ಅವನ ಕಡೆನ ಕಟ್ಟಿಸ್ಕೊಳ್ರಿ ಅಂದೇನಿ.”

“ನಿನಗ ಯಾರ ಹೆಸರಲ್ಲಿ ಬರ್ತಾವ, ಅದನ್ನ ಹೇಳು ಮೊದ್ಲ,” ಎಂದು ಸರ್ವಮಂಗಳಾ ಕೇಳಿದರೆ ಶಂಕ್ರವ್ವ ಸೆರಗು ಬಾಯಿಗೆ ಹಿಡಿದು, “ನಮ್ಮ ಗ್ಯಾಸ್ ಸಿಲಿಂಡರಿನಾಂವಂದು,” ಎಂದು ನಗುತ್ತಿದ್ದಳು.

ಸರ್ವಮಂಗಳಾಳಿಗೆ ಬರುತ್ತಿದ್ದದ್ದು ಮಗಳ ಹೆಸರಿನಲ್ಲಿ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಶಿವಲೀಲಾ ಒಬ್ಬಳೇ ಅವಳಿಗೆ. ಪರದೆಯ ಮೇಲೆ ‘ಲೀಲಾ’ ಎಂದು ಬಂದರೆ ಅದು ನೀರಿನ ಯಂತ್ರವೋ ವಿಮೆಯೋ ಮಾರುವ ದನಿ ಎಂದು ಗೊತ್ತಿದ್ದರೂ ಎತ್ತುತ್ತಿದ್ದಳು. ಹತ್ತು ಸಲ ಮೋಸಹೋದರೂ ಹನ್ನೊಂದನೆಯದು ನಿಜವಿದ್ದರೆ ಎಂಬ ಆಸೆ. ಯಂತ್ರ ಬದುಕಿದ್ದೇ ಆ ಆಸೆಯ ಮೇಲೆ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವಳು ದುಡಿಯುತ್ತಿದ್ದದ್ದೇ ‘ಆಪ್ತ’ದ ನಿಗಾ ಕೋಣೆಯಲ್ಲಿ.

ಮೊದಲು ಲೀಲಾಳ ಫೋನಿಗೂ ಅವ್ವನ ಹೆಸರಿನಲ್ಲೇ ಬರುತ್ತಿದ್ದವು. ಮದುವೆಯಾಗಿ ಬಾಗಲಕೋಟೆಗೆ ಹೋದ ಮೇಲೆ ಅದು ಬದಲಾಯಿತು. ಅಳಿಯ ಚೆನ್ನವೀರನಿಗೆ ಟೈಲ್ಸ್ ಅಂಗಡಿ, ಅಚ್ಚುಕಟ್ಟಾದ ಮನುಷ್ಯ. ದೀಪಾವಳಿಗೆ ಬಂದಾಗ ಹೆಂಡತಿಯ ಫೋನನ್ನು ಎಲ್ಲರಿಗೂ ಎತ್ತಿ ತೋರಿಸಿದ್ದ. ಮೇಲಿಂದ ಕೆಳಗಿನವರೆಗೆ ಅವನದೇ ಹೆಸರು, ‘ಯಜಮಾನ್ರು’.

“ನೋಡ್ರಿ ಅತ್ತಿ, ನನ್ನ ಹೆಸರಿಗೆ ಎಷ್ಟು ಕಿಮ್ಮತ್ತೈತಿ!”

“ಪುಣ್ಯವಂತಿ ಬಿಡವ್ವಾ,” ಎಂದಿದ್ದಳು ಶಂಕ್ರವ್ವ. ಲೀಲಾ ನಕ್ಕಿದ್ದಳು. ಆ ನಗು ಬಾಯಿಯಲ್ಲೇ ನಿಂತದ್ದನ್ನು ಸರ್ವಮಂಗಳಾ ನೋಡಿದ್ದಳು. ಹೊಸ ಮದುವೆ, ನಾಚಿಕೆ ಇರಬೇಕು ಅಂದುಕೊಂಡಳು. ತಾಯಿಯ ಜಾಗದಲ್ಲಿ ಗಂಡ ಬಂದನಲ್ಲ ಎಂದು ಒಳಗೊಳಗೇ ಒಂದು ಚೂರು ಹೊಟ್ಟೆಕಿಚ್ಚೂ ಆಗಿ, ಅದಕ್ಕೆ ತಾನೇ ನಾಚಿಕೊಂಡಳು.

ಆಮೇಲೆ ಲೀಲಾ ಅವ್ವನ ಕರೆ ಎತ್ತುವುದು ಕಡಿಮೆಯಾಯಿತು. ‘ಆರಾಮ ಅದೀನಿ’ ಎಂಬ ಸಂದೇಶ ಮಾತ್ರ ಬರುತ್ತಿತ್ತು. “ನಿಮ್ಮ ಹೆಸರಲ್ಲಿ ಬಂದದ್ದನ್ನೂ ಮಾರಾಟದ್ದ ಅನ್ಕೊಂಡು ಬಿಡ್ತಾಳ್ರಿ,” ಎಂದು ಚೆನ್ನವೀರ ವಿವರಿಸಿದ. ನಂಬಬಹುದಾದ ಮಾತು. ಆ ಕಾಲದಲ್ಲಿ ಎಷ್ಟೋ ತಾಯಂದಿರ ಕರೆ ಹಾಗೆಯೇ ಬಡಿದುಕೊಂಡು ಸುಮ್ಮನಾಗುತ್ತಿತ್ತು.

*

ನಿಗಾ ಕೋಣೆ ಗೋಕುಲ ರಸ್ತೆಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಕಿಟಕಿಗಳಿಗೆ ದಪ್ಪ ಪರದೆ, ಗೋಡೆಯ ಉದ್ದಕ್ಕೂ ಹೊಳೆಯುವ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಫೋನು. ಬೇಗ ಎತ್ತುವವರ ಚುಕ್ಕೆ ಬೆಳ್ಳಗೆ ಉರಿಯುತ್ತಿತ್ತು, ಎತ್ತದವರದು ಕಂದುತ್ತಿತ್ತು. ಎಲ್ಲ ಕರೆಗಳಲ್ಲೂ ಮಾತಾಡುತ್ತಿದ್ದದ್ದು ಒಂದೇ ಹೆಣ್ಣುದನಿ. ಕೆಲಸದವರು ಅದಕ್ಕೆ ಮಧುರಾ ಎಂದು ಹೆಸರಿಟ್ಟಿದ್ದರು. ಮಧುರಾ ಎಲ್ಲಾದರೂ ಮುಗ್ಗರಿಸಿದರೆ ನಡುವೆ ಸೇರಿ ಸರಿಪಡಿಸುವುದು ಸರ್ವಮಂಗಳಾ ಮತ್ತು ಜೈಬುನ್ನಿಸಾಳ ಕೆಲಸ. ಅವರ ಮೇಜಿನ ಮೇಲೆ ಒಂದು ಗುಂಡಿ. ಅದನ್ನು ಒತ್ತಿ ಮಾತಾಡಿದರೆ ಆಚೆಯವರಿಗೆ ಮಧುರಾಳ ದನಿಯೇ ಕೇಳುತ್ತಿತ್ತು, ಒತ್ತದಿದ್ದರೆ ತಮ್ಮದೇ ದನಿ.

ಆಪ್ತಕ್ಕೆ ಇನ್ನೊಂದು ಗುಣವಿತ್ತು. ತನ್ನ ಕರೆಗಳಲ್ಲಿ ಏನು ಕೇಳಿಸಿದಾಗ ಗಿರಾಕಿ ಫೋನಿಡದೆ ಉಳಿದ ಎಂಬುದನ್ನು ಅದು ಕಲಿಯುತ್ತಿತ್ತು. ಒಮ್ಮೆ ಯಾರದೋ ಕರೆಯ ಹಿಂದೆ ಕೂಸು ಅತ್ತಾಗ ಆಚೆಯವಳು ಉಳಿದಳು; ಮರುದಿನದಿಂದ ಎಷ್ಟೋ ಕರೆಗಳ ಹಿಂದೆ ಕೂಸು ಅಳತೊಡಗಿತ್ತು.

“ಇದರ ಮುಂದ ಸೀನಾಕೂ ಹೆದರಿಕಿ ನೋಡಕ್ಕಾ,” ಎನ್ನುತ್ತಿದ್ದಳು ಜೈಬು. “ನಾಳೆ ನನ್ನ ಸೀನೂ ಮಾರಾಟಕ್ಕ ಹೋದೀತು.”

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮೇಲಧಿಕಾರಿ ಕೌಸ್ತುಭ ಕಟ್ಟಡದ ಬೇರೆ ಕೋಣೆಗಳವರನ್ನೂ ಕರೆದು ಎಲ್ಲರನ್ನೂ ಅಲ್ಲಿ ಸೇರಿಸಿದ. ಬೆಂಗಳೂರಿನಿಂದ ಬಂದ ಹುರುಪಿನ ಮನುಷ್ಯ.

“ಇವತ್ತು ನಿಮಗೆ ನಮ್ಮ ಅತ್ಯುತ್ತಮ ಗಿರಾಕೀನ ಪರಿಚಯ ಮಾಡಿಸ್ತೀನಿ,” ಎಂದ. “ಹೆಸರು, ಊರು ಹೇಳೋ ಹಾಗಿಲ್ಲ. ಆದ್ರೆ ನೋಡಿ, ಈ ಹೆಣ್ಮಗಳು ಗಂಡನ ಹೆಸರು ಕಂಡ್ರೆ ಮೊದಲ ರಿಂಗ್ ಮುಗಿಯೋಕೆ ಬಿಡಲ್ಲ. ಬೆಳಿಗ್ಗೆ, ಸಂಜೆ, ಯಾವಾಗ ಮಾಡಿದ್ರೂ ಅಷ್ಟೇ. ಇಂಥ ಪ್ರೀತಿ ಈ ಕಾಲದಲ್ಲಿ ಎಲ್ಲಿದೆ ಹೇಳಿ?”

ಗೋಡೆಯ ಮೇಲೆ ಒಂದು ಚುಕ್ಕೆ ದೊಡ್ಡದಾಗಿ, ಕಣ್ಣು ಕುಕ್ಕುವಷ್ಟು ಬೆಳ್ಳಗೆ ಹೊಳೆಯಿತು. ಕೌಸ್ತುಭ ಕೆಲವು ಕರೆಗಳ ಮೊದಲ ಮಾತುಗಳನ್ನು ಕೇಳಿಸಿದ.

“ಹಾಂರೀ, ಇಲ್ಲೇ ಅದೀನ್ರೀ.”

“ಹಾಂರೀ, ಎಲ್ಲೂ ಹೋಗಿಲ್ರೀ, ಇಲ್ಲೇ ಅದೀನ್ರೀ.”

“ಜಳಕಕ್ಕ ಹೋಗಿದ್ನಿರೀ, ಓಡಿ ಬಂದ್ನಿರೀ. ಇಲ್ಲೇ ಅದೀನ್ರೀ.”

ಹುಡುಗಿಯರೆಲ್ಲ “ಅಯ್ಯೋ, ಎಷ್ಟ್ ಛಂದ!” ಎಂದು ನಕ್ಕರು. ಮಧುರಾ ‘ನಮಸ್ಕಾರ, ಇದು ಮಾರಾಟದ ಕರೆ’ ಎಂದಾಗ ಆ ಹೆಣ್ಣುಮಗಳು ಬಿಡುತ್ತಿದ್ದ ಉಸಿರು ಕೂಡ ಧ್ವನಿಯಲ್ಲಿ ಸಿಕ್ಕಿತ್ತು. ಭಾರ ಇಳಿಸಿದವರು ಬಿಡುವಂಥ ಉಸಿರು.

ಸರ್ವಮಂಗಳಾ ಚಹದ ಕಪ್ಪನ್ನು ಕೆಳಗಿಟ್ಟಳು. ಹೊಟ್ಟೆಯಲ್ಲಿಟ್ಟುಕೊಂಡು ಹೆತ್ತ ಮಗಳ ದನಿ ಅದು. ಆದರೆ ಇಷ್ಟು ತೆಳ್ಳಗೆ, ಇಷ್ಟು ತಗ್ಗಿ ಅದು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಯಂತ್ರಕ್ಕೆ ಎತ್ತುವ ವೇಗ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಪ್ರೀತಿಗೂ ಹೆದರಿಕೆಗೂ ಅದರ ಗೋಡೆಯ ಮೇಲೆ ಇದ್ದದ್ದು ಒಂದೇ ಬಿಳುಪು.

ಇನ್ನೊಂದು ವಿಷಯ ಅವಳಿಗೆ ಹೊಳೆದದ್ದು ಮನೆಗೆ ಬಂದು ಒಲೆಯ ಮುಂದೆ ನಿಂತಾಗ. ಚೆನ್ನವೀರ ದಿನಕ್ಕೆ ಎಷ್ಟು ಸಲ ಮಗಳನ್ನು ಹೆದರಿಸುತ್ತಾನೋ ಗೊತ್ತಿಲ್ಲ. ಆದರೆ ಅವನ ಹೆಸರು ಹೊತ್ತು ತಾನು ಕೆಲಸ ಮಾಡುವ ಯಂತ್ರ ಅದಕ್ಕಿಂತ ಹೆಚ್ಚು ಸಲ ಹೆದರಿಸುತ್ತಿದೆ.

*

ಭಾನುವಾರ ಹೇಳದೆ ಕೇಳದೆ ಬಾಗಲಕೋಟೆಗೆ ಹೋದಳು. ನವನಗರದ ಆ ಮನೆಯ ಬಾಗಿಲ ಮೇಲೆ ಕ್ಯಾಮರಾ ಇತ್ತು. ಅವಳು ಗಂಟೆ ಒತ್ತುವ ಮೊದಲೇ ಚೆನ್ನವೀರ ಬಾಗಿಲು ತೆರೆದ.

“ಬರ್ರಿ ಅತ್ತಿ. ಒಂದ್ ಫೋನ್ ಮಾಡಿದ್ರ ಬಸ್ ಸ್ಟ್ಯಾಂಡಿಗೆ ಬರ್ತಿದ್ನೆಲ್ಲ.”

ದಿನವಿಡೀ ಅವನು ಎಲ್ಲೂ ಹೋಗಲಿಲ್ಲ. ಅಡುಗೆಮನೆಯ ಹೊಸ್ತಿಲಿಗೆ ಕುರ್ಚಿ ಹಾಕಿಕೊಂಡು ನಗುನಗುತ್ತಾ ಮಾತಾಡಿದ. ಲೀಲಾ ಉದ್ದ ತೋಳಿನ ರವಿಕೆ ತೊಟ್ಟಿದ್ದಳು, ಆ ಬಿಸಿಲಿನಲ್ಲಿ. “ಏನವ್ವಾ, ಸೊರಗಿದ್ಯಲ್ಲ?” ಎಂದರೆ, “ಇಲ್ಲವ್ವಾ, ಆರಾಮ ಅದೀನಿ,” ಎಂದು ಗಂಡನ ಕಡೆ ನೋಡಿದಳು. ಹೊರಡುವಾಗ ಸರ್ವಮಂಗಳಾ ಮಗಳ ಕೈ ಹಿಡಿದಳು. ಲೀಲಾ ಕೈ ಬಿಡಿಸಿಕೊಳ್ಳಲಿಲ್ಲ, ಗಟ್ಟಿಯಾಗಿ ಹಿಡಿಯಲೂ ಇಲ್ಲ. ಏನೂ ಹೇಳದ ಕೈ ಅದು. ಅಷ್ಟು ದೂರ ಬಂದರೂ ಮಗಳ ಬಾಯಿಂದ ಒಂದು ನಿಜವಾದ ಮಾತು ಸಿಗಲಿಲ್ಲ. ಬಾ ಎಂದು ಎಳೆದುಕೊಂಡು ಹೋಗಲು ಅವಳೇನು ಸಾಮಾನಲ್ಲ. ಬರುತ್ತೇನೆ ಎಂದು ಅವಳೇ ಅನ್ನಬೇಕು. ಅನ್ನಲು ಅವಳಿಗೆ ಜಾಗ ಎಲ್ಲಿ?

ಬಸ್ಸಿನಲ್ಲಿ ಬರುವಾಗ ಉತ್ತರ ಸಿಕ್ಕಿತು. ಆ ಮನೆಯಲ್ಲಿ ಲೀಲಾ ಅಡ್ಡಿಯಿಲ್ಲದೆ ಎತ್ತುವ ಹೆಸರು ಒಂದೇ. ಆ ಹೆಸರಿನಲ್ಲಿ ಬರುವ ಕರೆಯನ್ನು ಚೆನ್ನವೀರನೂ ಅನುಮಾನಿಸುವುದಿಲ್ಲ, ಹೆಮ್ಮೆಪಡುತ್ತಾನೆ.

“ನೌಕರಿ ಹೋಗ್ತೈತಿ ಅಕ್ಕಾ,” ಎಂದಳು ಜೈಬು, ಸೋಮವಾರ ನಿಗಾ ಕೋಣೆಯಲ್ಲಿ ಎಲ್ಲವನ್ನೂ ಕೇಳಿ. ಆಮೇಲೆ ಕುರ್ಚಿಯನ್ನು ಎಳೆದು ಬಾಗಿಲಿಗೆ ಅಡ್ಡವಾಗಿ ಕುಳಿತಳು. “ಕೌಸ್ತುಭ ಊಟಕ್ಕ ಹೋಗ್ಯಾನ. ಮಾಡು.”

ಸರ್ವಮಂಗಳಾ ಮಗಳ ಚುಕ್ಕೆಯನ್ನು ಮುಟ್ಟಿದಳು. ಆಪ್ತ ತಾನಾಗಿಯೇ ಅದಕ್ಕೆ ‘ಯಜಮಾನ್ರು’ ಎಂಬ ವೇಷ ತೊಡಿಸಿತು. ರಿಂಗ್ ಶುರುವಾಗಿ ಅರ್ಧಕ್ಕೇ ನಿಂತಿತು.

“ಹಾಂರೀ, ಇಲ್ಲೇ ಅದೀನ್ರೀ.”

ಎಲ್ಲರ ನಡುವೆ ನಿಂತು ಕೇಳುವುದು ಬೇರೆ, ಕಿವಿಯೊಳಗೇ ಕೇಳುವುದು ಬೇರೆ. 

“ಲೀಲಾ, ನಾನವ್ವಾ.”

 ಆ ಕಡೆ ಅದೇ ತೆಳ್ಳಗಿನ ದನಿ, ಈಗ ಅಳು ಬೆರೆತು. “ನಾ ಏನ್ ತಪ್ಪು ಮಾಡೇನ್ರೀ? ಅವ್ವನ ದನೀಲೆ ಮಾತಾಡಿಸಿ ಯಾಕ ಪರೀಕ್ಷಾ ಮಾಡ್ತೀರಿ? ಅವ್ವಗ ನಾ ಏನೂ ಹೇಳಿಲ್ರೀ. ಖರೇನ ಹೇಳಿಲ್ರೀ.”

ಮಗಳು ನಂಬಲಿಲ್ಲ. ಹೆಸರನ್ನು ಕದಿಯಬಹುದಾದ ಲೋಕದಲ್ಲಿ ದನಿಯನ್ನು ಯಾಕೆ ನಂಬಬೇಕು? ಹುಟ್ಟಿದ ದಿನ, ಸಾಲೆಯ ಹೆಸರು, ಸತ್ತ ತಂದೆಯ ಮಾತು, ಇವನ್ನೆಲ್ಲ ಗಂಡನೂ ಬಲ್ಲ.

ಆಗ ಸರ್ವಮಂಗಳಾಳಿಗೆ ಧಾರವಾಡದ ಹಾಸ್ಟೆಲು ನೆನಪಾಯಿತು. ಲೀಲಾ ಅಲ್ಲಿ ಓದುತ್ತಿದ್ದಾಗ ದಿನಾ ಸಂಜೆ ಫೋನು ಮಾಡಿ, “ಮಾತಾಡಬ್ಯಾಡ, ನೀ ರೊಟ್ಟಿ ಬಡಿ, ನಾ ಕೇಳಸ್ಕೋತೀನಿ,” ಎನ್ನುತ್ತಿದ್ದಳು. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇವಳು ರೊಟ್ಟಿ ಬಡಿಯುತ್ತಿದ್ದಳು. ಆ ಕಡೆ ಮಗಳು ಪುಸ್ತಕದ ಹಾಳೆ ತಿರುವುವ ಸಪ್ಪಳ. ಜೋಳದ ರೊಟ್ಟಿಯನ್ನು ಒಬ್ಬೊಬ್ಬ ಹೆಂಗಸು ಒಂದೊಂದು ನಡೆಯಲ್ಲಿ ಬಡಿಯುತ್ತಾಳೆ. ಮನೆಯ ಮಕ್ಕಳು ಹೊರಗಿನಿಂದಲೇ ಇವತ್ತು ಒಲೆಯ ಮುಂದೆ ಅವ್ವನೋ ಅತ್ತೆಯೋ ಹೇಳಬಲ್ಲರು.

ಅವಳು ಬಲಗೈಯನ್ನು ಮೇಜಿನ ಮೇಲಿಟ್ಟಳು. ಟಪ್ ಟಪ್ ಟಪ್. ರೊಟ್ಟಿ ತಿರುಗಿಸಲು ಒಂದು ಬಿಡುವು. ಟಪ್ ಟಪ್. ಅಂಚು ತೆಳ್ಳಗೆ ಮಾಡಲು ಬೆರಳ ತುದಿಯಿಂದ ಒತ್ತೊತ್ತಾಗಿ ಸಣ್ಣ ಏಟು. ಮತ್ತೆ ಅಂಗೈ. ಜೈಬು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನೋಡುತ್ತಿದ್ದಳು.

ಸರ್ವಮಂಗಳಾ ಒಂದು ರೊಟ್ಟಿ ಮುಗಿಸಿ ಇನ್ನೊಂದನ್ನು ಬಡಿಯತೊಡಗಿದಳು. ಆಗ ಆ ಕಡೆಯಿಂದ, “ಅವ್ವಾ.” ಇದು ಲೀಲಾಳದೇ ದನಿ. “ಅವ್ವಾ, ನನ್ನ ಇಲ್ಲಿಂದ...”

ಮಾತು ಕಡಿಯಿತು. ಬಾಗಿಲು ತೆರೆದ ಸಪ್ಪಳ. “ಯಾರ ಕೂಡ ಮಾತಾಡಾಕತ್ತೀ?” ಚೆನ್ನವೀರ ಅಂಗಡಿಯಿಂದ ಊಟಕ್ಕೆ ಬಂದಿದ್ದ.

“ಯಾರೂ ಅಲ್ರೀ. ಏನೋ ಮಾರೋರು.”

“ಇಷ್ಟೊತ್ತು? ಕೊಡಿಲ್ಲೆ.”

ಸರ್ವಮಂಗಳಾಳ ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು. ಅವಳ ಬಾಯಿಂದ ಮಧುರಾ ಮಾತಾಡಿದಳು. “ನಮಸ್ಕಾರ ಸರ್! ಇದು ಮಾರಾಟದ ಕರೆ. ನಿಮ್ಮ ಮನೆಯ ನೀರು ಶುದ್ಧವಾಗಿದೆಯೇ? ನಮ್ಮ ಹೊಸ ಯಂತ್ರವನ್ನು ಒಮ್ಮೆ ನೋಡಿ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ನಾಳೆ ಬೆಳಿಗ್ಗೆ ನಿಮ್ಮ ಮನೆ ಬಾಗಿಲಿಗೇ ಬರುತ್ತಾಳೆ. ಯಂತ್ರ ಗಾಡಿಯಲ್ಲಿರುತ್ತದೆ, ಹೊರಗೆ ಬಂದು ನೋಡಿದರೆ ಸಾಕು.”

ಚೆನ್ನವೀರ ನಕ್ಕ. “ನನ್ನ ಹೆಸರ್ಲೇ ಫೋನ್ ಮಾಡಿ ನನಗ ಮಾರ್ತೀರಿ? ಭಾರಿ ಅದೀರಿ ಬಿಡ್ರಿ. ಬ್ಯಾಡ.”

ಆಗ ಹಿಂದಿನಿಂದ ಲೀಲಾ ಅಂದಳು. ಅದೇ ತೆಳ್ಳಗಿನ ದನಿಯಲ್ಲಿ, ಆದರೆ ಒಂದೊಂದೇ ಶಬ್ದ ಬಿಡಿಸಿ. “ಬರ್ಲಿ ಬಿಡ್ರೀ. ಈ ನೀರು ನನಗ ಒಗ್ಗವಲ್ದು. ಹೊರಗ ಹೋಗಿ ನೋಡಿ ಬರ್ತೀನಿ, ಅಷ್ಟ.”

“ನೋಡೂದಾದ್ರ ನೋಡು. ತಗೊಳೂದಿಲ್ಲ ಮತ್ತ,” ಎಂದು ಅವನು ಫೋನಿಟ್ಟ.

ಸರ್ವಮಂಗಳಾ ಕೈಯನ್ನು ಮೇಜಿನಿಂದ ತೆಗೆದಳು. ಅಂಗೈ ಕೆಂಪಗಾಗಿತ್ತು. ಎದುರಿನ ಗೋಡೆಯ ಮೇಲೆ ಮಗಳ ಚುಕ್ಕೆಯ ಸುತ್ತ ಒಂದು ತೆಳುವಾದ ನೀಲಿ ಉಂಗುರ ಮೂಡಿ ಮಾಯವಾಯಿತು. ಆಪ್ತ ಏನನ್ನಾದರೂ ಹೊಸದಾಗಿ ಕಲಿತಾಗ ಹಾಗಾಗುತ್ತಿತ್ತು. ಅವಳು ನೋಡಲಿಲ್ಲ. ನೋಡಿದ್ದು ಜೈಬು. ಆದರೆ ಆ ಗಳಿಗೆಯಲ್ಲಿ ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

*

ಮರುದಿನ ಇಬ್ಬರೂ ನಸುಕಿನ ಬಸ್ಸಿಗೇ ಹೊರಟರು. ಜೈಬು ಕಂಪನಿಯ ನೀಲಿ ಕೋಟು ತೊಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಬಾಗಿಲ ಕ್ಯಾಮರಾದ ಮುಂದೆ ನಿಲ್ಲುವುದು. ಸರ್ವಮಂಗಳಾ ರಸ್ತೆಯ ತಿರುವಿನಲ್ಲಿ ಆಟೋದೊಳಗೆ ಕಾಯುವುದು ಎಂದು ಮಾತಾಗಿತ್ತು.

“ಆಂವ ಅಂಗಡ್ಯಾಗ ಕುಂತು ಕ್ಯಾಮರಾದಾಗ ನೋಡ್ತಿರ್ತಾನ,” ಎಂದಳು ಸರ್ವಮಂಗಳಾ.

“ನೋಡ್ಲಿ. ನನ್ನ ಮುಖಾ ನೋಡಿದವ್ರು ಯಂತ್ರಾ ತಗೊಂಡ ಬಿಡ್ತಾರ,” ಎಂದು ಜೈಬು ಕೋಟು ಸರಿಮಾಡಿಕೊಂಡು ಹೋದಳು. ಅವಳ ಬೆನ್ನು ಮೂಲೆಯಲ್ಲಿ ಮರೆಯಾಯಿತು.

ಆಟೋದಲ್ಲಿ ಒಬ್ಬಳೇ ಕುಳಿತಾಗ ಫೋನು ಬಡಿದುಕೊಂಡಿತು. ಪರದೆಯ ಮೇಲೆ ‘ಲೀಲಾ’. ಎಂದಿನಂತೆ ಎತ್ತಿದಳು.

ಟಪ್ ಟಪ್ ಟಪ್. ಒಂದು ಬಿಡುವು. ಟಪ್ ಟಪ್.

ಅವಳ ಎದೆ ತುಂಬಿ ಬಂತು. ಮಗಳು ಬಾಯಿಬಿಡಲಾಗದೆ ಕೈಯಿಂದ ಮಾತಾಡುತ್ತಿದ್ದಾಳೆ ಅಂದುಕೊಂಡಳು. “ಹೂಂ ಲೀಲಾ, ಇಲ್ಲೇ ಮೂಲ್ಯಾಗ ಅದೀನಿ, ಹೊರಗ ಬಾ,” ಎಂದಳು. ಬೆರಳ ತುದಿಯ ಒತ್ತೊತ್ತಾದ ಸಣ್ಣ ಏಟುಗಳು ಬಂದವು. ಮತ್ತೆ ಅಂಗೈ. ಅಷ್ಟರಲ್ಲಿ ಅವಳಿಗೆ ಗುರುತು ಹತ್ತಿತು. ಇದು ಲೀಲಾಳ ಕೈಯಲ್ಲ. ಇದು ತನ್ನದೇ ಕೈ, ನಿನ್ನೆಯದು.

“ನಮಸ್ಕಾರ! ಇದು ಮಾರಾಟದ ಕರೆ,” ಎಂದಳು ಮಧುರಾ.

 ತನ್ನ ಫೋನಿಗೆ ಬಂದದ್ದು ಲೀಲಾಳ ಫೋನಿಗೂ ಬಂದಿರುತ್ತದೆ, ‘ಯಜಮಾನ್ರು’ ಎಂಬ ಹೆಸರಿನಲ್ಲಿ. ಆ ಸಪ್ಪಳ ಕೇಳಿದರೆ ಅವಳು ಅವ್ವಾ ಎಂದೇ ಎನ್ನುತ್ತಾಳೆ. ಅವನು ಇವತ್ತು ಅಂಗಡಿಗೆ ಹೋಗಿರದಿದ್ದರೆ? ಪಕ್ಕದಲ್ಲೇ ಕುಳಿತು ಚಹ ಕುಡಿಯುತ್ತಿದ್ದರೆ? ಅವಳು ಫೋನನ್ನು ಸೀಟಿನ ಮೇಲೆಯೇ ಬಿಟ್ಟು ಆಟೋದಿಂದ ಇಳಿದು ಮೂಲೆಯ ಕಡೆ ಓಡಿದಳು.

ಎದುರಿನಿಂದ ಲೀಲಾ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿಯಿಲ್ಲ. ಅವಳ ತೋಳು ಹಿಡಿದು ಜೈಬು ಹೆಚ್ಚುಕಡಿಮೆ ಎಳೆದುಕೊಂಡೇ ಬರುತ್ತಿದ್ದಳು. ಆಗಷ್ಟೇ ಬಂದ ಕರೆಗೆ ಲೀಲಾ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು, ಮುಖದಲ್ಲಿ ಸಣ್ಣ ನಗು. ತಾಯಿಯನ್ನು ಕಂಡು ಗಕ್ಕನೆ ನಿಂತಳು. ಫೋನಿನ ಕಡೆ ನೋಡಿದಳು, ತಾಯಿಯ ಖಾಲಿ ಕೈಗಳನ್ನು ನೋಡಿದಳು. ನಗು ಹಾರಿಹೋಯಿತು.

“ಇದರಾಗ ರೊಟ್ಟಿ ಬಡ್ಯಾಕತ್ತೀದಿ... ಇಲ್ಲಿ ಹೆಂಗ ಬಂದಿ?” ಎನ್ನುತ್ತಾ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. “ಯಾರು ಖರೆ?”

 ಸರ್ವಮಂಗಳಾ ಮಗಳ ಕೈಯಿಂದ ಫೋನು ಕಿತ್ತುಕೊಂಡು ಚರಂಡಿಗೆ ಎಸೆದು ಅವಳನ್ನು ತಬ್ಬಿಕೊಂಡಳು. ಉದ್ದ ತೋಳಿನ ರವಿಕೆಯೊಳಗೆ ಆ ಮೈ ಕಟ್ಟಿಗೆಯಂತೆ ಬಿಗಿದುಕೊಂಡೇ ಇತ್ತು. ತಾಯಿಯ ಕೊರಳ ಬೆವರಿನ ವಾಸನೆ ಮೂಗಿಗೆ ತಾಕಿದ ಮೇಲೆ ಮೆಲ್ಲಗೆ ಸಡಿಲಾಯಿತು.

“ಆಮೇಲೆ ಅಳ್ರಿ, ಆಮೇಲೆ ಅಳ್ರಿ,” ಎಂದು ಜೈಬು ಇಬ್ಬರನ್ನೂ ಆಟೋದೊಳಗೆ ನೂಕಿದಳು.

*

ಚೆನ್ನವೀರ ಬಂದ, ಕೂಗಾಡಿದ. ಶಂಕ್ರವ್ವ ಕಾಂಪೌಂಡಿನ ಮೇಲಿಂದ ಓಣಿಗೆ ಓಣಿಯನ್ನೇ ಕರೆದಾಗ ಹಿಂದಿರುಗಿದ. ವಕೀಲರ ಮೂಲಕ ಕಾಗದ ಹೋಯಿತು. ಸರ್ವಮಂಗಳಾ ಕೆಲಸ ಬಿಟ್ಟಳು. ಲೀಲಾಳಿಗೆ ಹೊಸ ಫೋನು, ಹೊಸ ನಂಬರು ಬಂತು. ಆಪ್ತ ಎರಡೇ ದಿನದಲ್ಲಿ ಅವಳನ್ನು ಹುಡುಕಿತು. ಮತ್ತೆ ‘ಯಜಮಾನ್ರು’ ಎಂಬ ಅದೇ ಹೆಸರಿನಲ್ಲಿ ಕರೆ. ಎತ್ತಿದರೆ ಮೊದಲು ಟಪ್ ಟಪ್ ಟಪ್. ಎತ್ತಬೇಡ ಎಂದರೂ ಅವಳ ಕೈ ಕೇಳುತ್ತಿರಲಿಲ್ಲ. ಕೊನೆಗೆ ಆ ಫೋನನ್ನೂ ತೆಗೆದು ಟ್ರಂಕಿನಲ್ಲಿಟ್ಟರು.

“ನಿನ್ನ ರೊಟ್ಟಿ ಸಪ್ಪಳ ಬೆಳಗಾವಿಯಿಂದ ರಾಯಚೂರಿನ ತನಕಾ ಹೊಂಟೈತಿ ಅಕ್ಕಾ,” ಎಂದು ಜೈಬು ಬಂದಾಗ ಹೇಳಿದಳು. “ಎಲ್ಲಾ ಹೆಣ್ಮಕ್ಕಳೂ ಎತ್ತಿದವ್ರು ಇಡವಲ್ರು. ಕೌಸ್ತುಭಗ ಬಡ್ತಿ ಆತು.” ಅವಳು ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ಒಂದು ದಿನ ಲೀಲಾ ಹೊಟ್ಟೆ ತುಂಬ ಉಂಡಳು, ಶಂಕ್ರವ್ವನ ಜೊತೆ ಕೂತು ಹರಟಿದಳು. ಸರ್ವಮಂಗಳಾಳಿಗೆ ಜೀವ ಬಂದಂತಾಯಿತು. ಮಗಳು ಬಂದಾಗಿನಿಂದ ರೊಟ್ಟಿಯನ್ನೂ ಬದನೆಯ ಎಣ್ಣೆಗಾಯಿಯನ್ನೂ ಮಾಡಿರಲಿಲ್ಲ, ಅವತ್ತು ಮಾಡಹೊರಟಳು. ಬಿಸಿನೀರು ಹಾಕಿ ಜೋಳದ ಹಿಟ್ಟು ನಾದಿದಳು. ಹಂಚು ಕಾಯಿತು. ಉಂಡೆಯನ್ನು ಕಲ್ಲಿನ ಮೇಲಿಟ್ಟು, ಹಿಟ್ಟು ಉದುರಿಸಿ, ಕೈ ಎತ್ತಿದಳು.

ಟಪ್ ಟಪ್ ಟಪ್.

ಒಳಗಿನ ಕೋಣೆಯಲ್ಲಿ ಏನೋ ಬಿದ್ದ ಸಪ್ಪಳವಾಯಿತು. ಆಮೇಲೆ ದನಿ ಬಂತು. ತೆಳ್ಳಗೆ, ತಗ್ಗಿದ ದನಿ.

“ಹಾಂರೀ, ಇಲ್ಲೇ ಅದೀನ್ರೀ.”

ಸರ್ವಮಂಗಳಾಳ ಕೈ ರೊಟ್ಟಿಯ ಮೇಲೆಯೇ ನಿಂತಿತು. ಅವಳು ಒಲೆ ಆರಿಸಿದಳು. ಜೋಳದ ಹಿಟ್ಟಿನ ಡಬ್ಬಿಯನ್ನು ಅಟ್ಟದ ಮೇಲೆ ದೂರಕ್ಕೆ ಸರಿಸಿ, ಗೋಧಿ ಹಿಟ್ಟು ಕಲಸಿ, ಸಪ್ಪಳವಾಗದ ಹಾಗೆ ಚಪಾತಿ ಲಟ್ಟಿಸತೊಡಗಿದಳು.